ಓ ಅಲ್ಲದ ಓ

ಗಾಯಾಳುವಿನ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ಗಡ್ಡೆಯನ್ನು ಬೇರೆ ಮಾಡಿದರೆ ತಿಳಿ ಹಳದಿ ಬಣ್ಣದ ದ್ರವ ಉಳಿಯುತ್ತದೆ. ಅದೇ ಸೀರಮ್. ಅದರ ಒಂದೆರಡು ಹನಿಯನ್ನು ಗಾಜಿನ ಪ್ರನಾಳಕ್ಕೆ ಹಾಕಿ, ಮೇಲಿಂದ ಓ ಗುಂಪಿನ ದಾನಿಯ ಕೆಂಪು ಕಣಗಳ ಹನಿಯೊಂದನ್ನು ಬಿಟ್ಟರೆ ಏನೂ ಆಗಬಾರದು. ಓ ಕಣದ ಮೈಮೇಲೆ ಎ ಗುರುತೂ ಇಲ್ಲ, ಬಿ ಗುರುತೂ ಇಲ್ಲ. ಹಾಗಾಗಿ ಯಾವ ಸೀರಮ್ ಕೂಡ ಅದನ್ನು ಹಗೆಯೆಂದು ಹಿಡಿಯುವುದಿಲ್ಲ, ತುರ್ತಿನಲ್ಲಿ ಓ ರಕ್ತವನ್ನು ಯಾರಿಗೆ ಬೇಕಾದರೂ ಕೊಡಬಹುದು. ಐವತ್ತರ ದಶಕದ ಆರಂಭದಲ್ಲಿ ಜಗತ್ತಿನ ವೈದ್ಯ ವಿದ್ಯಾರ್ಥಿಗಳೆಲ್ಲ ಕಲಿಯುತ್ತಿದ್ದ ಪಾಠ ಇದು. ಮುಂಬಯಿಯ ಪರೇಲಿನಲ್ಲಿರುವ ಕೆ.ಇ.ಎಂ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆ ಪಾಠ ತಪ್ಪಿತು. ಓ ಎಂದು ತೋರಿದ ರೋಗಿಯ ಸೀರಮ್ಮಿನಲ್ಲಿ ದಾನಿಯ ಓ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾದವು. ಇನ್ನೊಬ್ಬ ಓ ದಾನಿಯ ರಕ್ತ ತಂದರೂ ಅದೇ, ಮತ್ತೊಬ್ಬನದು ತಂದರೂ ಅದೇ.

ಇಂಥ ಹೊತ್ತಿನಲ್ಲಿ ಸುಲಭವಾಗಿ ಬರುವ ಅನುಮಾನ ಪರೀಕ್ಷೆಯ ಮೇಲೆ. ಪ್ರನಾಳ ಸರಿಯಾಗಿ ತೊಳೆದಿಲ್ಲವೇನೋ, ಸೀರಮ್ ಹಳಸಿತೇನೋ, ಚೀಟಿ ಅದಲುಬದಲಾಯಿತೇನೋ ಎಂದುಕೊಂಡು ಮಾದರಿಯನ್ನು ಚೆಲ್ಲಿಬಿಡಬಹುದಿತ್ತು. ಪೆಥಾಲಜಿಸ್ಟ್ ವೈ. ಎಂ. ಭೆಂಡೆ ಮತ್ತು ಅವರ ಜೊತೆಗಿದ್ದ ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ ಹಾಗೆ ಚೆಲ್ಲಲಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿ ಪಾಠವನ್ನೇ ಪ್ರಶ್ನಿಸಿದರು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಆ ನಂಬಿಕೆ ಉಳಿಸಿದ ಜೀವಗಳ ಬಗ್ಗೆ.

ಪರೇಲ್ ಆಗ ಗಿರಣಿಗಳ ಊರು. ಹತ್ತಿ ಗಿರಣಿಗಳ ಹೊಗೆಗೊಳವೆಗಳು, ಪಾಳಿಯ ಸೈರನ್ನು, ಚಾಳುಗಳು, ಪಕ್ಕದಲ್ಲೇ ರೈಲ್ವೆ ಕಾರ್ಖಾನೆ. ಕೊಂಕಣ, ಘಟ್ಟ, ದಕ್ಷಿಣ ಕನ್ನಡ, ಬಿಜಾಪುರ, ಎಲ್ಲ ಕಡೆಯಿಂದ ಬಂದ ದುಡಿಯುವ ಜನ ಕಾಯಿಲೆಬಿದ್ದಾಗ, ಯಂತ್ರಕ್ಕೆ ಕೈ ಸಿಕ್ಕಿಕೊಂಡಾಗ, ಹಳಿ ದಾಟುತ್ತ ಬಿದ್ದಾಗ ಬರುತ್ತಿದ್ದದ್ದು ಈ ಆಸ್ಪತ್ರೆಗೆ. ಸೇಠ್ ಗೋರ್ಧನದಾಸ್ ಸುಂದರದಾಸ್ ಅವರ ಆಸ್ತಿಯ ಹಣದಿಂದ ಎದ್ದ ಮೆಡಿಕಲ್ ಕಾಲೇಜು, ಅದಕ್ಕೆ ಅಂಟಿಕೊಂಡ ಈ ಕಿಂಗ್ ಎಡ್ವರ್ಡ್ ಸ್ಮಾರಕ (ಕೆ.ಇ.ಎಂ.) ಆಸ್ಪತ್ರೆ, ಎರಡೂ 1926ರಲ್ಲಿ ಬಾಗಿಲು ತೆರೆದವು. ದಾನಕ್ಕೆ ಒಂದು ಷರತ್ತಿತ್ತು: ಇಲ್ಲಿ ಪಾಠ ಹೇಳುವವರು ಸರ್ಕಾರಿ ಸೇವೆಯಲ್ಲಿಲ್ಲದ ಅರ್ಹ ಭಾರತೀಯರೇ ಆಗಿರಬೇಕು. ದೊಡ್ಡ ಆಸ್ಪತ್ರೆಗಳ ದೊಡ್ಡ ಹುದ್ದೆಗಳು ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಮಾಟುಂಗದಲ್ಲಿ ಮುಂಬಯಿ ಕನ್ನಡಿಗರ ಮೈಸೂರು ಅಸೋಸಿಯೇಷನ್ ಹುಟ್ಟಿದ್ದೂ ಅದೇ 1926ರಲ್ಲಿ. ಊರು ಬಿಟ್ಟು ಬಂದವರು ತಮ್ಮದೆಂಬ ನೆಲೆಗಳನ್ನು ಕಟ್ಟಿಕೊಳ್ಳುತ್ತಿದ್ದ ದಿನಗಳವು.

ಅಪಘಾತದ ವಾರ್ಡಿನಲ್ಲಿ ರಕ್ತವೆಂದರೆ ಏನೆಂದು ತಿಳಿಯಲು ದೇಹದ ಒಂದು ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು. ಬೆಳೆದ ಮನುಷ್ಯನ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಸುಮ್ಮನೆ ಕುಳಿತಿದ್ದಾಗಲೂ ಹೃದಯ ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟನ್ನೂ ಒಂದು ಸುತ್ತು ತಿರುಗಿಸುತ್ತದೆ. ಅದರಲ್ಲಿ ಐದನೆಯ ಒಂದು ಪಾಲು ನೇರವಾಗಿ ಎರಡು ಮೂತ್ರಪಿಂಡಗಳಿಗೆ ಹೋಗುತ್ತದೆ. ಅವು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಟ್ಟು, ಮಿಕ್ಕದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತವೆ. ಗಾಯದಿಂದ ಒಂದೂವರೆ ಎರಡು ಲೀಟರ್ ಸೋರಿಹೋದರೆ ಹೃದಯ ನಿಮಿಷಕ್ಕೆ 120, 130 ಸಲ ಬಡಿದುಕೊಳ್ಳುತ್ತದೆ. ಚರ್ಮದ, ಕರುಳಿನ, ಮೂತ್ರಪಿಂಡದ ರಕ್ತನಾಳಗಳು ಮುದುಡಿ, ಇದ್ದ ರಕ್ತವನ್ನು ಮಿದುಳಿಗೂ ಹೃದಯಕ್ಕೂ ಬಿಟ್ಟುಕೊಡುತ್ತವೆ. ಕೈಕಾಲು ತಣ್ಣಗಾಗುತ್ತದೆ, ಮೂತ್ರ ನಿಲ್ಲುತ್ತದೆ. ಈ ಹೊಂದಾಣಿಕೆಗೆ ಒಂದು ಮಿತಿಯಿದೆ. ಅದು ಮುಗಿಯುವುದರೊಳಗೆ ಬೇರೆಯವರ ರಕ್ತ ಬರಬೇಕು, ಬರುವ ರಕ್ತ ಹೊಂದಬೇಕು.

ಹೊಂದಾಣಿಕೆಯ ಶಾಸ್ತ್ರಕ್ಕೆ ಆಗ ಐವತ್ತು ವರ್ಷ ತುಂಬಿತ್ತು. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ಸಹೋದ್ಯೋಗಿಗಳ ರಕ್ತವನ್ನು ಬೆರೆಸಿ ನೋಡಿ, ಮನುಷ್ಯರ ರಕ್ತ ಒಂದೇ ಬಗೆಯದಲ್ಲ ಎಂದು ತೋರಿಸಿದ್ದ. ಎ ಇದ್ದವನ ಸೀರಮ್ಮಿನಲ್ಲಿ ಬಿಗೆ ಎದುರಾದ ಪ್ರತಿಕಾಯವಿರುತ್ತದೆ, ಬಿ ಇದ್ದವನಲ್ಲಿ ಎಗೆ ಎದುರಾದದ್ದು. ಎರಡೂ ಇಲ್ಲದ ಓ ಗುಂಪಿನವನಲ್ಲಿ ಎರಡೂ ಪ್ರತಿಕಾಯಗಳು. ಮಾರನೆಯ ವರ್ಷ ಎಬಿ ಎಂಬ ನಾಲ್ಕನೆಯ ಗುಂಪು ಸಿಕ್ಕಿತು. ಮನೆಗೆ ನಾಲ್ಕು ಗೋಡೆ ಎದ್ದಂತಾಯಿತು. ಇನ್ನು ಹುಡುಕುವುದಕ್ಕೇನಿದೆ ಎನ್ನುವಷ್ಟು ನಿಶ್ಚಿಂತೆ.

ಭಾರತೀಯರ ರಕ್ತ ಈ ಶಾಸ್ತ್ರದೊಳಗೆ ಬಂದದ್ದು ಯುದ್ಧಭೂಮಿಯಿಂದ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಗ್ರೀಸಿನ ಸಲೋನಿಕಾದಲ್ಲಿ ಮಿತ್ರರಾಷ್ಟ್ರಗಳ ದೊಡ್ಡ ಸೈನ್ಯ ಬೀಡುಬಿಟ್ಟಿತ್ತು. ಸರ್ಬಿಯಾದ ಸೇನೆಯಲ್ಲಿ ವೈದ್ಯರಾಗಿದ್ದ ಪೋಲೆಂಡಿನ ಲುಡ್ವಿಕ್ ಮತ್ತು ಹಾನ್ನಾ ಹಿರ್ಷ್‌ಫೆಲ್ಡ್ ದಂಪತಿ, ಒಂದೇ ಊರಿನಲ್ಲಿ ಇಷ್ಟು ದೇಶದ ಜನ ಇನ್ನೆಂದೂ ಸಿಗುವುದಿಲ್ಲವೆಂದು ಸೈನಿಕರ, ನಿರಾಶ್ರಿತರ ರಕ್ತ ಪರೀಕ್ಷಿಸತೊಡಗಿದರು. 1919ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಪಟ್ಟಿಯಲ್ಲಿ ಭಾರತೀಯ ಸೈನಿಕರೂ ಇದ್ದರು, ಒಂದು ಸಾವಿರ ಮಂದಿ. ಅವರಲ್ಲಿ ನೂರಕ್ಕೆ ಸುಮಾರು 41 ಮಂದಿಯದು ಬಿ ಗುಂಪು. ಪಟ್ಟಿಯಲ್ಲಿದ್ದ ಇನ್ನಾವ ಜನರಲ್ಲೂ ಬಿ ಅಷ್ಟಿರಲಿಲ್ಲ. ಬಿ ಗುಂಪು ಭಾರತದಲ್ಲೇ ಹುಟ್ಟಿ ಜಗತ್ತಿಗೆ ಹರಡಿರಬೇಕು ಎಂದು ಅವರು ಊಹಿಸಿದರು. ಆ ಊಹೆ ನಿಲ್ಲಲಿಲ್ಲ. ಆದರೆ ಎಣಿಕೆಯ ಚಾಳಿ ಉಳಿಯಿತು: ಎ, ಬಿ, ಎಬಿ, ಇವ್ಯಾವೂ ಅಲ್ಲದವರು ಓ. ಆ ಸಾವಿರ ಸೈನಿಕರಲ್ಲಿ ಪರೇಲಿನ ಗಾಯಾಳುವಿನಂಥ ರಕ್ತದವನೊಬ್ಬ ಇದ್ದಿದ್ದರೂ ಅವನನ್ನು ಓ ಎಂದೇ ಬರೆದುಕೊಳ್ಳುತ್ತಿದ್ದರು. ಇಲ್ಲದ್ದನ್ನು ನೋಡಿ ಹೆಸರಿಟ್ಟ ಗುಂಪಿನೊಳಗೆ ಇನ್ನೂ ಒಂದು ಇಲ್ಲದಿರುವಿಕೆ ಅಡಗಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಓ ಕಣದ ಮೈ ಖಾಲಿಯಲ್ಲ ಎಂಬುದು ಮಾತ್ರ ನಲವತ್ತರ ದಶಕದ ಕೊನೆಗೆ ತಿಳಿದಿತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಓ ಕಣಗಳ ಮೇಲೆ ಹೆಚ್ಚಾಗಿಯೂ ಎ, ಬಿ ಕಣಗಳ ಮೇಲೆ ಕಡಿಮೆಯಾಗಿಯೂ ಇರುವ ಒಂದು ವಸ್ತುವನ್ನು ಗುರುತಿಸಿ 1948ರಲ್ಲಿ ಅದಕ್ಕೆ ಎಚ್ ಎಂದು ಹೆಸರಿಟ್ಟಿದ್ದರು. ಅದು ಎಲ್ಲ ಮನುಷ್ಯರಲ್ಲೂ ಇರುತ್ತದೆ ಎಂದೇ ಎಲ್ಲರ ಎಣಿಕೆ. ಎಲ್ಲರಲ್ಲೂ ಇರುವ ವಸ್ತು ಏನು ಕೆಲಸ ಮಾಡುತ್ತದೆಂದು ತಿಳಿಯುವುದು ಕಷ್ಟ. ಅದು ಇಲ್ಲದ ಒಬ್ಬನಾದರೂ ಸಿಗಬೇಕು.

ಪರೇಲಿನಲ್ಲಿ ಮೂವರು ಸಿಕ್ಕಿದರು. ಒಬ್ಬನು ರೈಲು ಅಪಘಾತದಲ್ಲಿ ಗಾಯಗೊಂಡವನು, ಇನ್ನೊಬ್ಬನು ಇರಿತಕ್ಕೆ ಸಿಕ್ಕವನು ಎಂದು ಈ ಕಥೆ ಹೇಳುವವರು ಹೇಳುತ್ತಾರೆ. ಮೂವರೂ ಪರಸ್ಪರ ಸಂಬಂಧವಿಲ್ಲದವರು. ಅವರ ಕಣಗಳು ಎಗೆ ಎದುರಾದ ಸೀರಮ್ಮಿಗೂ ಬಿಗೆ ಎದುರಾದ ಸೀರಮ್ಮಿಗೂ ಮಿಸುಕಲಿಲ್ಲ, ಎಚ್‌ಗೆ ಎದುರಾದದ್ದಕ್ಕೂ ಮಿಸುಕಲಿಲ್ಲ. ಅವರ ಸೀರಮ್ಮಿನಲ್ಲಿ ಎ, ಬಿ, ಎಚ್ ಮೂರಕ್ಕೂ ಎದುರಾದ ಪ್ರತಿಕಾಯಗಳಿದ್ದವು. ಅಂದರೆ ಎ, ಬಿ, ಎಬಿ, ಓ ಯಾವ ಗುಂಪಿನ ದಾನಿಯ ರಕ್ತವೂ ಅವರಿಗೆ ಆಗದು. ಒಬ್ಬನ ಸೀರಮ್ ತಂಟೆಯಿಲ್ಲದೆ ಒಪ್ಪಿಕೊಳ್ಳಬಲ್ಲದ್ದು ತನ್ನಂಥವರ ಕಣಗಳನ್ನು ಮಾತ್ರ. ನಗರದ ಲಕ್ಷಾಂತರ ಜನರ ನಡುವೆ ಅವರು ರಕ್ತದ ಮಟ್ಟಿಗೆ ಒಬ್ಬಂಟಿಗಳು. ಆ ಒಂಟಿತನ ತಿಳಿಯುವುದು ಗಾಯವಾದಾಗ, ಹೆರಿಗೆಯಲ್ಲಿ ರಕ್ತ ಹೋದಾಗ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದಾಗ.

ಭೆಂಡೆ ಅವರು ಮಾದರಿಗಳನ್ನು ಲಂಡನ್ನಿಗೆ ಮುಟ್ಟಿಸಿದರು. ಅದೇ ಲಿಸ್ಟರ್ ಸಂಸ್ಥೆಯಲ್ಲಿದ್ದ ರಕ್ತಗುಂಪು ಸಂಶೋಧನಾ ಘಟಕದ ರಾಬರ್ಟ್ ರೇಸ್ ಮತ್ತು ರೂತ್ ಸ್ಯಾಂಗರ್ ಆ ವಿದ್ಯೆಯಲ್ಲಿ ಜಗತ್ತಿಗೇ ಹೆಸರಾದವರು. ಮಾರ್ಗನ್, ವಾಟ್ಕಿನ್ಸ್ ಲಾಲಾರಸದಲ್ಲೂ ಹುಡುಕಿದರು. ಬಹುಮಂದಿಯ ಎಂಜಲಿನಲ್ಲಿ ಎ, ಬಿ ಅಥವಾ ಎಚ್ ವಸ್ತು ಕರಗಿರುತ್ತದೆ, ಇವರಲ್ಲಿ ಇರಲಿಲ್ಲ. 1952ರ ಮೇ 3ರ ಲ್ಯಾನ್ಸೆಟ್ ಸಂಚಿಕೆಯಲ್ಲಿ ಎಬಿಓ ವ್ಯವಸ್ಥೆಗೆ ಸಂಬಂಧಿಸಿದ ಹೊಸ ಲಕ್ಷಣವೊಂದರ ವರದಿ ಏಳು ಜನರ ಹೆಸರಿನಲ್ಲಿ ಬಂತು: ಭೆಂಡೆ, ದೇಶಪಾಂಡೆ, ಭಾಟಿಯಾ, ಸ್ಯಾಂಗರ್, ರೇಸ್, ಮಾರ್ಗನ್, ವಾಟ್ಕಿನ್ಸ್. ಎರಡೇ ಪುಟದ ಬರಹ. ಮುಂಬಯಿಯ ಮೂವರ ಹೆಸರು ಮೊದಲಿಗೆ ಇರುವುದನ್ನು ನೋಡುವಾಗ ನನಗೆ ಹೆಮ್ಮೆಯಾಗುತ್ತದೆ. ವಸಾಹತಿನ ಆಳ್ವಿಕೆ ಮುಗಿದು ಐದೇ ವರ್ಷ. ಭಾರತದಿಂದ ಮಾದರಿ ಮಾತ್ರ ಹೋಗಿ ಹೆಸರು ಬೇರೆಯವರಿಗೆ ಸಲ್ಲುವುದು ವಾಡಿಕೆಯಾಗಿದ್ದ ಕಾಲ. ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಓದಿದ ಹಿರಿಯ ವೈದ್ಯರಿಗೆ ಭೆಂಡೆ ಎಂಬ ಹೆಸರು ಪೆಥಾಲಜಿಯ ದಪ್ಪ ಪಠ್ಯಪುಸ್ತಕದ ರಟ್ಟಿನಿಂದ ಪರಿಚಿತ. ಆ ಪುಸ್ತಕದ ಭೆಂಡೆ ಈ ಕಥೆಯ ಭೆಂಡೆಯೇ.

ಲಕ್ಷಣ ಸಿಕ್ಕಿತು, ಕಾರಣ ಸಿಕ್ಕಿರಲಿಲ್ಲ. ಅದರ ಮೊದಲ ಎಳೆ ಬಂದದ್ದು ಅಮೆರಿಕದ ಒಂದು ಕುಟುಂಬದಿಂದ. 1955ರಲ್ಲಿ ಫಿಲಿಪ್ ಲೆವಿನ್ ಮತ್ತು ಸಂಗಡಿಗರು ಇಟಲಿ ಮೂಲದ ಮಹಿಳೆಯೊಬ್ಬರ ಬಗ್ಗೆ ಬರೆದರು. ಆಕೆಯ ರಕ್ತ ಓ ಎಂದು ತೋರುತ್ತಿತ್ತು. ಆದರೆ ಆಕೆಯ ಮಗುವಿನದು ಎಬಿ. ಅಲ್ಲಿಯವರೆಗಿನ ಶಾಸ್ತ್ರದ ಪ್ರಕಾರ ಓ ತಾಯಿಗೆ ಎಬಿ ಮಗು ಹುಟ್ಟಲಾರದು. ಇಂಥ ಒಂದು ಚೀಟಿಯ ಮೇಲೆ ಎಷ್ಟು ಮನೆಗಳಲ್ಲಿ ಎಂಥ ಮಾತು ಎದ್ದಿರಬಹುದು, ಆಸ್ಪತ್ರೆಯಲ್ಲಿ ಮಗು ಬದಲಾಯಿತೆಂಬ ಅನುಮಾನ ಎಷ್ಟು ತಾಯಂದಿರನ್ನು ಕಾಡಿರಬಹುದು ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ಲೆವಿನ್ ತಂಡ ಆಕೆಯ ಮನೆಯವರನ್ನೆಲ್ಲ ಪರೀಕ್ಷಿಸಿ ಉತ್ತರ ಕಂಡುಕೊಂಡಿತು. ಆಕೆಯಲ್ಲಿ ಬಿಯ ಜೀನ್ ಇತ್ತು, ಮಗಳಿಗೂ ದಾಟಿತ್ತು. ಆಕೆಯ ಸ್ವಂತ ಕಣಗಳ ಮೇಲೆ ಮಾತ್ರ ಅದು ತಲೆಯೆತ್ತಲಾಗದೆ ಅಡಗಿತ್ತು. ಪರೇಲಿನ ಮೂವರಂತೆಯೇ ಆಕೆಯಲ್ಲೂ ಎಚ್ ಇರಲಿಲ್ಲ. ಆ ಲಕ್ಷಣಕ್ಕೆ ಲೆವಿನ್ ಮೊದಲು ಕಂಡ ನಗರದ ಹೆಸರನ್ನೇ ಇಟ್ಟರು. ಅಂದಿನಿಂದ ಅದು ಬಾಂಬೆ ರಕ್ತ.

ವಾಟ್ಕಿನ್ಸ್ ಮತ್ತು ಮಾರ್ಗನ್ ಉಳಿದದ್ದನ್ನು ಬಿಡಿಸಿದರು. ಕೆಂಪು ಕಣದ ಹೊರಮೈಯಲ್ಲಿ ಸಕ್ಕರೆಯ ಅಣುಗಳು ಒಂದರ ತುದಿಗೆ ಒಂದು ಸೇರಿ ಸಣ್ಣ ಸರಪಣಿಗಳಾಗಿ ನಿಂತಿರುತ್ತವೆ. ಸರಪಣಿಯ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದರೆ ಅದು ಎಚ್. ಅದನ್ನು ಸೇರಿಸುವುದು ಒಂದು ಕಿಣ್ವ. ಎ ಜೀನ್ ಇದ್ದವರಲ್ಲಿ ಇನ್ನೊಂದು ಕಿಣ್ವ ಆ ಎಚ್ ಸರಪಣಿಗೆ ಅಸಿಟೈಲ್ ಗ್ಯಾಲಕ್ಟೋಸಮೈನನ್ನು ಅಂಟಿಸುತ್ತದೆ, ಬಿ ಜೀನ್ ಇದ್ದವರಲ್ಲಿ ಮತ್ತೊಂದು ಕಿಣ್ವ ಗ್ಯಾಲಕ್ಟೋಸನ್ನು ಅಂಟಿಸುತ್ತದೆ. ಓ ಗುಂಪಿನವರಲ್ಲಿ ಈ ಎರಡೂ ಕೆಲಸ ನಡೆಯದೆ ಎಚ್ ಹಾಗೇ ಉಳಿಯುತ್ತದೆ. ಬಾಂಬೆ ರಕ್ತದವರಲ್ಲಿ ಫ್ಯೂಕೋಸೇ ಸೇರುವುದಿಲ್ಲ. ಎ ಕಿಣ್ವವಿದ್ದರೂ ಬಿ ಕಿಣ್ವವಿದ್ದರೂ ಅವಕ್ಕೆ ಹಿಡಿದುಕೊಳ್ಳಲು ಆಸರೆಯಿಲ್ಲ. ಎ, ಬಿ, ಓ ಎಂಬ ವಿಂಗಡಣೆಯೇ ಎಚ್‌ನ ಮೇಲೆ ನಿಂತಿದೆ ಎಂಬುದು ಹೀಗೆ ಗೊತ್ತಾಯಿತು. ಪರೇಲಿನ ಮೂವರು ಸಿಗದೆ ಹೋಗಿದ್ದರೆ ಇದು ತಿಳಿಯಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ.

ಎಚ್ ಇಲ್ಲದಿದ್ದರೆ ದೇಹಕ್ಕೇನು ತೊಂದರೆ? ದಿನನಿತ್ಯದ ಬದುಕಿನಲ್ಲಿ ಏನೂ ಇಲ್ಲ. ಆ ಕಣಗಳು ಆಮ್ಲಜನಕ ಹೊರುತ್ತವೆ, ಎಲ್ಲರ ಕಣಗಳಂತೆ ಸುಮಾರು 120 ದಿನ ಬಾಳುತ್ತವೆ. ತೊಂದರೆ ಇರುವುದು ಸೀರಮ್ಮಿನಲ್ಲಿ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೂ ಇಂಥ ಸಕ್ಕರೆ ಸರಪಣಿಗಳಿವೆ. ತನ್ನಲ್ಲಿ ಇಲ್ಲದ್ದನ್ನು ದೇಹ ಹಗೆಯೆಂದು ತಿಳಿದು ಎಳೆತನದಲ್ಲೇ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಬಾಂಬೆ ರಕ್ತದವರ ಎಚ್ ವಿರೋಧಿ ಪ್ರತಿಕಾಯ ಮೈಯ ಬಿಸಿಯಲ್ಲೇ, 37 ಡಿಗ್ರಿಯಲ್ಲೇ, ಚುರುಕಾಗಿ ಕೆಲಸ ಮಾಡುವಂಥದ್ದು.

ಅಂಥವರಿಗೆ ತಿಳಿಯದೆ ಓ ರಕ್ತ ಹಾಕಿದರೆ ನಡೆಯುವುದನ್ನು ಯಾವ ವೈದ್ಯನೂ ಎರಡನೆಯ ಸಲ ನೋಡಬಯಸಲಾರ. ಪ್ರತಿಕಾಯಗಳು ದಾನಿಯ ಕಣಗಳ ಮೇಲೆ ಕೂರುತ್ತವೆ. ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಪಡೆ ಬಂದು ಕಣಗಳ ಪೊರೆಯಲ್ಲಿ ತೂತು ಕೊರೆಯುತ್ತದೆ. ರಕ್ತನಾಳದೊಳಗೇ ಕಣಗಳು ಒಡೆದು ಹೀಮೋಗ್ಲೋಬಿನ್ ಹೊರಗೆ ಚೆಲ್ಲುತ್ತದೆ. ರೋಗಿಗೆ ಸೂಜಿ ಚುಚ್ಚಿದ ನರದುದ್ದಕ್ಕೂ ಉರಿ, ಚಳಿ ನಡುಕ, ಸೊಂಟದಲ್ಲಿ ಹಿಂಡುವ ನೋವು. ರಕ್ತದೊತ್ತಡ ಕುಸಿಯುತ್ತದೆ. ಚೆಲ್ಲಿದ ಹೀಮೋಗ್ಲೋಬಿನನ್ನು ಹಿಡಿದಿಡಲು ಪ್ಲಾಸ್ಮಾದಲ್ಲಿ ಒಂದು ಪ್ರೋಟೀನ್ ಇದೆ, ಆದರೆ ಅದರ ಪ್ರಮಾಣ ಅಲ್ಪ. ಅದು ಮುಗಿದ ಮೇಲೆ ಹೀಮೋಗ್ಲೋಬಿನ್ ಮೂತ್ರಪಿಂಡದ ಜರಡಿಯಲ್ಲಿ ಇಳಿಯುತ್ತದೆ, ಮೂತ್ರ ಕೆಂಪಾಗಿ ಕಂದಾಗಿ ಬರುತ್ತದೆ. ಅದರ ವಿಷದಿಂದಲೂ ಒತ್ತಡ ಕುಸಿದ ಕಾರಣದಿಂದಲೂ ಸೋಸುನಾಳಗಳು ಕೆಲಸ ನಿಲ್ಲಿಸುತ್ತವೆ. ಹೃದಯವನ್ನು ಉಳಿಸಲೆಂದು ಹರಿಸಿದ ರಕ್ತ ಮೂತ್ರಪಿಂಡವನ್ನು ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲಬಹುದು.

ಇದರಲ್ಲಿ ಹೆಚ್ಚು ನೋವು ಕೊಡುವ ಸಂಗತಿಯೆಂದರೆ ಇದನ್ನು ತಡೆಯುವ ಪರೀಕ್ಷೆ ಅಗ್ಗದ್ದು. ರೋಗಿಯ ಕಣಗಳಿಗೆ ಎ, ಬಿ ವಿರೋಧಿ ಸೀರಮ್ ಹಾಕುವುದು ಮೊದಲ ಪರೀಕ್ಷೆ. ಗಾಜಿನ ಪಟ್ಟಿಯ ಮೇಲೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಬಾಂಬೆ ರಕ್ತ ಅದರಲ್ಲಿ ಓ ಎಂದೇ ಕಾಣುತ್ತದೆ. ರೋಗಿಯ ಸೀರಮ್ಮಿಗೆ ಗೊತ್ತಿರುವ ಎ ಕಣ, ಬಿ ಕಣ ಹಾಕಿ ನೋಡುವುದು ಎರಡನೆಯ ಪರೀಕ್ಷೆ. ಅಲ್ಲೂ ಓ ರಕ್ತದಂತೆಯೇ ವರ್ತಿಸುತ್ತದೆ. ಗುಟ್ಟು ಬಯಲಾಗುವುದು ಮೂರನೆಯ ಪ್ರನಾಳದಲ್ಲಿ, ಓ ಕಣಗಳನ್ನು ಹಾಕಿದಾಗ. ಆಮೇಲೆ ಎಚ್ ಇದೆಯೇ ಇಲ್ಲವೇ ಎಂದು ಖಚಿತಪಡಿಸಿಕೊಳ್ಳಲು ಗೋರ್ಸ್ ಎಂಬ ಮುಳ್ಳುಪೊದೆಯ ಬೀಜದಿಂದ ತೆಗೆದ ಲೆಕ್ಟಿನ್ ಇದೆ. ಶಾಲೆಯಲ್ಲೋ ಶಿಬಿರದಲ್ಲೋ ಗಾಜಿನ ಪಟ್ಟಿಯ ಮೇಲೆ ನೋಡಿ ಬರೆದುಕೊಟ್ಟ ಓ ಪಾಸಿಟಿವ್ ಕಾರ್ಡನ್ನು ಎಷ್ಟೋ ಜನ ಪಾಕೀಟಿನಲ್ಲಿ ಇಟ್ಟುಕೊಂಡು ತಿರುಗುತ್ತಾರೆ. ಅವರಲ್ಲಿ ಬಹುತೇಕರು ನಿಜವಾಗಿಯೂ ಓ. ಯಾರು ಅಲ್ಲವೋ ಅವರಿಗೆ ಆ ಮೂರನೆಯ ಪ್ರನಾಳ ಬೇಕೇ ಬೇಕು.

ಎಷ್ಟು ಜನ ಇಂಥವರು? ಕೆ.ಇ.ಎಂ. ಆವರಣದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1957ರಲ್ಲಿ ರಕ್ತಗುಂಪು ಕೇಂದ್ರವೊಂದನ್ನು ತೆರೆಯಿತು. ಇಂದು ಅದು ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ. 1952ರ ವರದಿಯ ಮೂರನೆಯ ಹೆಸರಾದ ಭಾಟಿಯಾ ಅದನ್ನು ವರ್ಷಗಟ್ಟಲೆ ನಡೆಸಿದರು. ಅವರೂ ಅವರ ಸಂಗಡಿಗರಾದ ಸಾಠೆಯವರೂ 1974ರಲ್ಲಿ ಪ್ರಕಟಿಸಿದ ಎಣಿಕೆಯಂತೆ ಮುಂಬಯಿಯಲ್ಲಿ ಸುಮಾರು 7,600 ಮಂದಿಗೆ ಒಬ್ಬರು. ದೇಶದ ಲೆಕ್ಕ ಸುಮಾರು 10,000ಕ್ಕೆ ಒಬ್ಬರು. ಯುರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. ಕೇಂದ್ರಕ್ಕೆ ಬಂದ ಪ್ರಕರಣಗಳಲ್ಲಿ ಅತಿ ಹೆಚ್ಚಿನವು ಮಹಾರಾಷ್ಟ್ರದವು, ಅದರ ನಂತರ ಕರ್ನಾಟಕ. ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ಹೋದ ಭಾರತೀಯರ ಸಂತಾನದಲ್ಲಿ, ದಕ್ಷಿಣ ಆಫ್ರಿಕದ ನಟಾಲ್‌ನಲ್ಲೂ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲೂ, ಇದೇ ರಕ್ತ ಸಿಕ್ಕಿತು.

ಕರ್ನಾಟಕದ ಮಾತು ಬಂದಾಗ ಮನೆಯೊಳಗಿನ ಒಂದು ವಿಷಯ ಹೇಳಲೇಬೇಕು. ಎಚ್ ಕಟ್ಟುವ ಜೀನ್ ತಾಯಿಯಿಂದಲೂ ತಂದೆಯಿಂದಲೂ ಕೆಟ್ಟದ್ದೇ ಬಂದರೆ ಮಾತ್ರ ಬಾಂಬೆ ರಕ್ತ. ಒಂದು ಕೆಟ್ಟು ಒಂದು ನೆಟ್ಟಗಿದ್ದರೆ ಯಾವ ಲಕ್ಷಣವೂ ಇಲ್ಲ, ಹೊತ್ತುಕೊಂಡಿರುವುದು ತಿಳಿಯುವುದೂ ಇಲ್ಲ. ಹೊತ್ತುಕೊಂಡ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ನಮ್ಮ ಕಡೆಯ ಪದ್ಧತಿಯಲ್ಲಿ ಒಂದೇ ಅಜ್ಜಿಯಿಂದ ಇಳಿದ ಜೀನ್ ಎರಡೂ ಕಡೆಯಿಂದ ಬಂದು ಕೂಡಿಕೊಳ್ಳುವುದು ಸುಲಭ. ಅದೇ ಲೆಕ್ಕ ಒಂದು ದಾರಿಯನ್ನೂ ತೋರುತ್ತದೆ: ಒಬ್ಬರಲ್ಲಿ ಬಾಂಬೆ ರಕ್ತ ಪತ್ತೆಯಾದರೆ ದಾನಿಯನ್ನು ಮೊದಲು ಹುಡುಕಬೇಕಾದದ್ದು ಅಣ್ಣತಮ್ಮ ಅಕ್ಕತಂಗಿಯರಲ್ಲಿ. ತೊಂಬತ್ತರ ದಶಕದಲ್ಲಿ ಜೀನ್ ಕೈಗೆ ಸಿಕ್ಕಿತು. ಹತ್ತೊಂಬತ್ತನೆಯ ವರ್ಣತಂತುವಿನ ಎಫ್‌ಯುಟಿ1 ಅದರ ಹೆಸರು. ಭಾರತೀಯರ ಬಾಂಬೆ ರಕ್ತದಲ್ಲಿ ಸಾಮಾನ್ಯವಾಗಿ ಕಾಣುವುದು ಅದರ 725ನೆಯ ಅಕ್ಷರದ ಬದಲಾವಣೆ, ಜೊತೆಗೆ ಪಕ್ಕದ ಎಫ್‌ಯುಟಿ2 ಜೀನ್ ಕಳಚಿಹೋಗಿರುವುದು. ಎಂಜಲಿನಲ್ಲೂ ಎಚ್ ಯಾಕಿರಲಿಲ್ಲ ಎಂಬುದಕ್ಕೆ ಉತ್ತರ ಆ ಎರಡನೆಯದರಲ್ಲಿದೆ.

ಪರೇಲಿನ ಮೇಜು ಅಲ್ಲಿಗೇ ಸುಮ್ಮನಾಗಲಿಲ್ಲ. 1973ರಲ್ಲಿ ಎಸ್. ಎಸ್. ಬಡಾಕೆರೆ, ಭಾಟಿಯಾ ಮತ್ತು ಸಂಗಡಿಗರು ಇನ್ನೊಂದು ಹೊಸ ಗುರುತನ್ನು ವರದಿ ಮಾಡಿದರು. ಇಂದು ಅದು ಇಂಡಿಯನ್ ಎಂಬ ಹೆಸರಿನ ಬೇರೆಯದೇ ರಕ್ತಗುಂಪು ವ್ಯವಸ್ಥೆ. ಅದಕ್ಕೂ ಮುನ್ನ 1968ರ ಫೆಬ್ರುವರಿಯಲ್ಲಿ ಇದೇ ಆಸ್ಪತ್ರೆಯಲ್ಲಿ ಪ್ರಫುಲ್ಲಕುಮಾರ ಸೇನ್ ದೇಶದ ಮೊದಲ ಹೃದಯ ಕಸಿ ಮಾಡಿದ್ದರು. ಕೇಪ್‌ಟೌನಿನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಜಗತ್ತಿನ ಮೊದಲನೆಯದನ್ನು ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ರೋಗಿ ಕೆಲವೇ ಗಂಟೆ ಬದುಕಿದ. ಆದರೂ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಮ್ಮ ನಗರಗಳಲ್ಲಿ ಬೆಳೆಯುತ್ತ ಹೋಯಿತು, ಬೆಳೆದಂತೆ ರಕ್ತದ ಬೇಡಿಕೆಯೂ ಬೆಳೆಯಿತು. ಹೃದಯದ ಕೆಲಸವನ್ನು ಯಂತ್ರ ವಹಿಸಿಕೊಳ್ಳುವ ಹೊತ್ತಿನಲ್ಲಿ ಕೈಗೆಟಕುವಂತೆ ಹೊಂದುವ ರಕ್ತ ಇರಲೇಬೇಕು. ಬಾಂಬೆ ರಕ್ತದವರ ಕಥೆ ಮತ್ತೆ ಮತ್ತೆ ಹೃದಯದ ವಾರ್ಡಿಗೆ ಬಂದು ಮುಟ್ಟುವುದು ಇದಕ್ಕೇ.

ಈ ರಕ್ತವನ್ನು ಕೂಡಿಡುವುದೂ ಸುಲಭವಲ್ಲ. ಫ್ರಿಜ್ಜಿನಲ್ಲಿ ಅದರ ಆಯುಸ್ಸು 35ರಿಂದ 42 ದಿನ. ಗ್ಲಿಸರಾಲ್ ಬೆರೆಸಿ ಘನೀಕರಿಸಿದರೆ ವರ್ಷಗಟ್ಟಲೆ ಇಡಬಹುದು, ಅಂಥ ವ್ಯವಸ್ಥೆ ನಮ್ಮಲ್ಲಿ ವಿರಳ. ಹಾಗಾಗಿ ಇಲ್ಲಿ ಬ್ಯಾಂಕಿನ ಕೆಲಸವನ್ನು ಮನುಷ್ಯರೇ ಮಾಡಬೇಕು. ಯಾರಿಗೆ ಈ ರಕ್ತವಿದೆ, ಅವರು ಯಾವ ಊರಿನಲ್ಲಿದ್ದಾರೆ, ಕೊನೆಯ ಸಲ ಯಾವಾಗ ಕೊಟ್ಟರು ಎಂಬ ಪಟ್ಟಿಯೇ ಭಂಡಾರ. ಮುಂಬಯಿಯ ಥಿಂಕ್ ಫೌಂಡೇಶನ್ ಮತ್ತು ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಸ್ವಯಂಸೇವಕರು ಇಂಥ ಪಟ್ಟಿ ಇಟ್ಟುಕೊಂಡು ನಡುರಾತ್ರಿಯ ಕರೆಗಳಿಗೆ ಓಗೊಡುತ್ತಾರೆ. ದಾನಿ ಕೆಲಸ ಬಿಟ್ಟು ರೈಲು ಹತ್ತಿ ಬರುತ್ತಾನೆ, ಕೊಟ್ಟು ಹೋಗುತ್ತಾನೆ, ಪಡೆದವನ ಮುಖವನ್ನೂ ನೋಡಿರುವುದಿಲ್ಲ.

2017ರಲ್ಲಿ ಮ್ಯಾನ್ಮಾರಿನ ಯಾಂಗೊನ್ ಜನರಲ್ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಆಕೆಯದು ಬಾಂಬೆ ರಕ್ತ, ಆ ದೇಶದಲ್ಲಿ ದಾನಿ ಸಿಗಲಿಲ್ಲ. ವಿಚಾರಣೆ ಬೆಂಗಳೂರಿನ ಸಂಕಲ್ಪಕ್ಕೆ ಬಂತು. ರಕ್ತ ಸಿಕ್ಕಿದ್ದು ದಾವಣಗೆರೆಯಲ್ಲಿ. ಎರಡು ಯೂನಿಟ್ ರಕ್ತ ತಂಪು ಪೆಟ್ಟಿಗೆಯಲ್ಲಿ ದಾವಣಗೆರೆಯಿಂದ ಹೊರಟು ಗಡಿ ದಾಟಿ ಯಾಂಗೊನ್ ಮುಟ್ಟಿತು, ಶಸ್ತ್ರಚಿಕಿತ್ಸೆ ನಡೆಯಿತು. ಬೆಣ್ಣೆದೋಸೆಯ ಊರೆಂದು ನಾವು ಕರೆಯುವ ದಾವಣಗೆರೆಯ ಯಾರೋ ಇಬ್ಬರ ರಕ್ತ ಇರಾವತಿ ನದಿಯ ನಾಡಿನ ಹೆಣ್ಣುಮಗಳ ಮೈಯಲ್ಲಿ ಹರಿಯಿತು.

ಕರ್ನಾಟಕದ್ದೇ ಇನ್ನೊಂದು ಕಥೆ ತೀರ ಈಚಿನದು. ಕೋಲಾರದ 38 ವರ್ಷದ ಮಹಿಳೆಯೊಬ್ಬರನ್ನು ಹೃದಯದ ಶಸ್ತ್ರಚಿಕಿತ್ಸೆಗೆ ಸಿದ್ಧಪಡಿಸುವಾಗ ಅವರ ರಕ್ತ ಓ ಪಾಸಿಟಿವ್ ಎಂದು ಬಂತು. ಆದರೆ ಆಸ್ಪತ್ರೆಯಲ್ಲಿದ್ದ ಯಾವ ಓ ಪಾಸಿಟಿವ್ ರಕ್ತವೂ ಹೊಂದಲಿಲ್ಲ. 1952ರ ಪರೇಲಿನ ದೃಶ್ಯವೇ. ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರಕ್ಕೆ ಹೋಯಿತು. ಅಲ್ಲಿನ ಪರೀಕ್ಷೆಗಳಲ್ಲಿ ಆಕೆಯ ಸೀರಮ್ ಎಲ್ಲ ಕಣಗಳೊಂದಿಗೂ ಜಗಳಕ್ಕೆ ನಿಂತಿತು. ಕುಟುಂಬದ ಇಪ್ಪತ್ತು ಮಂದಿಯ ರಕ್ತ ತರಿಸಿದರು, ಒಂದೂ ಹೊಂದಲಿಲ್ಲ. ಬಾಂಬೆ ರಕ್ತವಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಗಿತ್ತು, ಏನೆಂಬುದು ಗೊತ್ತಿರಲಿಲ್ಲ. ಮಾದರಿಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ರಕ್ತಗುಂಪು ಪ್ರಯೋಗಾಲಯಕ್ಕೆ ಹೋದವು. ಹತ್ತು ತಿಂಗಳ ಹುಡುಕಾಟದ ನಂತರ ಉತ್ತರ ಸಿಕ್ಕಿತು. ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಯಲ್ಲಿ, ಜಗತ್ತಿನ ಉಳಿದವರಲ್ಲೆಲ್ಲ ಇರುವ ಒಂದು ಗುರುತು ಆಕೆಯಲ್ಲಿ ಇರಲಿಲ್ಲ. ಕ್ರೋಮರ್ ಗುರುತುಗಳು ಕೂರುವ ಪ್ರೋಟೀನಿನ ಕೆಲಸ, ಕಾಂಪ್ಲಿಮೆಂಟ್ ಪಡೆ ನಮ್ಮದೇ ಕಣಗಳನ್ನು ಕೊರೆಯದಂತೆ ಕಾಯುವುದು. 2025ರ ಜೂನಿನಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ರಕ್ತವರ್ಗಾವಣೆ ಸಂಘದ ಸಭೆಯಲ್ಲಿ ಇದನ್ನು ಸಾರಿದರು. ಕ್ರೋಮರ್, ಇಂಡಿಯಾ, ಬೆಂಗಳೂರು ಮೂರನ್ನೂ ಸೇರಿಸಿ ಇಟ್ಟ ಹೆಸರು ಕ್ರಿಬ್.

ಆ ಹೊತ್ತಿಗೆ ಕೋಲಾರದ ಮಹಿಳೆಯ ಶಸ್ತ್ರಚಿಕಿತ್ಸೆ ಮುಗಿದಿತ್ತು. ಹೊಂದುವ ರಕ್ತ ಭೂಮಿಯ ಮೇಲೆಲ್ಲೂ ಸಿಗದೆಂದು ಮನವರಿಕೆಯಾದ ಮೇಲೆ ವೈದ್ಯರೂ ಮನೆಯವರೂ ಕೂತು ಮಾತಾಡಿ, ಒಂದು ಹನಿಯನ್ನೂ ಹೊರಗಿನಿಂದ ಕೊಡದೆ ನಡೆಸುವುದೆಂದು ನಿರ್ಧರಿಸಿದ್ದರು. ಹಾಗೆಯೇ ನಡೆಸಿದರು. ಆಕೆ ಬದುಕಿದರು.